ಡೈಪರ್ ಬಿಚ್ಚಿದ್ದಕ್ಕೆ ನನ್ನ ವಿವರಣೆ

ಶಿಶುಪಾಲನಾ ಕೇಂದ್ರಗಳ ಮೇಲ್ವಿಚಾರಣಾಧಿಕಾರಿಗಳೇ,

ತಮ್ಮ ನೋಟಿಸು ತಲುಪಿದೆ. 'ಕಚೇರಿಯ ಸುತ್ತೋಲೆಯನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸಿ, ಕೇಂದ್ರದ ಅವಧಿಯಲ್ಲಿ ಮಕ್ಕಳ ಡೈಪರ್ ಬಿಚ್ಚಿ, ನೆಲದ ನೈರ್ಮಲ್ಯಕ್ಕೆ ಧಕ್ಕೆ ತಂದಿರುತ್ತೀರಿ' ಎಂದು ಅದರಲ್ಲಿದೆ. ಏಳು ದಿನದೊಳಗೆ ಲಿಖಿತ ವಿವರಣೆಯನ್ನೂ ಕ್ಷಮಾಪಣೆಯನ್ನೂ ಸಲ್ಲಿಸದಿದ್ದರೆ ಆರೈಕೆದಾರಳ ಕೆಲಸದಿಂದ ತೆಗೆಯಲಾಗುವುದು ಎಂದೂ ಇದೆ. ಡೈಪರ್ ಬಿಚ್ಚಿದ್ದು ನಿಜ. ಉದ್ದೇಶಪೂರ್ವಕವಾಗಿಯೇ ಬಿಚ್ಚಿದೆ. ನಾಳೆಯೂ ಬಿಚ್ಚುತ್ತೇನೆ. ತಾವು ಕೇಳಿದ ವಿವರಣೆ ತಮ್ಮ ಕಪಾಟಿನ ಕಡತದೊಳಗೆ ಮಲಗಿಬಿಡುವುದು ನನಗೆ ಇಷ್ಟವಿಲ್ಲ. ಆದ್ದರಿಂದ ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಹೆಗ್ಗದ್ದೆ ಕಡೆಯ ಒಂದು ಸಣ್ಣ ಊರಿನವಳು. ಓದಿದ್ದು ಹತ್ತನೆಯ ತರಗತಿ. ಇಪ್ಪತ್ತು ವರ್ಷ ಕಾಫಿ ತೋಟದಲ್ಲಿ ದುಡಿದೆ. ಮಂಡಿ ಸವೆದು ಇಳಿಜಾರು ಹತ್ತಲಾಗದೆ ಹೋದಾಗ ಪಂಚಾಯಿತಿಯವರು ಈ ಕೇಂದ್ರಕ್ಕೆ ಹಾಕಿದರು. ಕೇಂದ್ರವೆಂದರೆ ಹಳೆಯ ಹಾಲಿನ ಸೊಸೈಟಿಯ ಒಂದು ಕೋಣೆ ಮತ್ತು ಅದರ ಮುಂದಿನ ಜಗಲಿ. ತೋಟಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಎಂಟೂವರೆಗೆ ಮಕ್ಕಳನ್ನು ಬಿಟ್ಟು ಹೋಗಿ ಸಂಜೆ ಐದಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಹನ್ನೊಂದು ಮಕ್ಕಳಿದ್ದಾರೆ. ಅವರಲ್ಲಿ ನಾಲ್ಕು ಇನ್ನೂ ನಡೆಯಲು ಬಾರದ ಕೂಸುಗಳು. ನೋಡಿಕೊಳ್ಳುವವರು ನಾನು ಮತ್ತು ಮೋನಿಕಾ ಎಂಬ ಹುಡುಗಿ, ಇಬ್ಬರೇ.

ಮೇ ತಿಂಗಳಲ್ಲಿ ತಾವು ನಮ್ಮ ಕೇಂದ್ರಕ್ಕೆ ಬಂದಿದ್ದಿರಿ. ಬಹುಶಃ ತಮಗೆ ನೆನಪಿರುತ್ತದೆ, ಫೋಟೋದವರೂ ಜೊತೆಗಿದ್ದರು. ಅಕ್ಷರಮಾಲೆಯ ಚಿತ್ರಗಳಿದ್ದ ಹೊಸ ಚಾಪೆಯನ್ನು ಆ ದಿನವೇ ಹಾಸಿದ್ದೆವು. ತಾವು ಕಾಫಿ ಕುಡಿಯುತ್ತಿರುವಾಗ ಒಂದು ಕೂಸು 'ಅ' ಅಕ್ಷರದ ಮೇಲೆಯೇ ಉಚ್ಚೆ ಹೊಯ್ದಿತು. ತಾವು ಕಾಲನ್ನು ಹಿಂದಕ್ಕೆ ಎಳೆದುಕೊಂಡಿರಿ. "ಇದಕ್ಕೊಂದು ವ್ಯವಸ್ಥೆ ಇಲ್ವೇನ್ರೀ?" ಎಂದು ಕೇಳಿದಿರಿ. "ಐತೆ ಸಾರ್," ಎಂದು ನಾನು ನೆಲ ಒರೆಸುವ ಬಟ್ಟೆ ತಂದೆ. ತಮಗೆ ಬೇಕಾಗಿದ್ದ ವ್ಯವಸ್ಥೆ ಅದಲ್ಲವೆಂದು ಎಂಟು ದಿನದ ನಂತರ ಸುತ್ತೋಲೆ ಬಂದಾಗ ತಿಳಿಯಿತು. 'ಮಾದರಿ ಕೇಂದ್ರಗಳಲ್ಲಿ ನಡೆಯಲು ಬಾರದ ಎಲ್ಲ ಮಕ್ಕಳಿಗೂ ಪೂರ್ಣಾವಧಿ ಡೈಪರ್ ಕಡ್ಡಾಯ. ನೆಲ ಸದಾ ಒಣಗಿರತಕ್ಕದ್ದು.' ಸುತ್ತೋಲೆ ಡೈಪರ್ ಕೇಳಿತೇ ಹೊರತು ಡೈಪರ್ ಕಳಿಸಲಿಲ್ಲ.

ಅದಕ್ಕೆ ಮುಂಚೆ ನಮ್ಮಲ್ಲಿ ಏನು ನಡೆಯುತ್ತಿತ್ತು ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಹರಿದು ಚೌಕ ಮಾಡಿ ಕಟ್ಟುತ್ತಿದ್ದೆವು. ಒದ್ದೆಯಾದ ಕೂಡಲೇ ಬಿಚ್ಚಿ, ತೊಳೆದು, ಬೇರೆ ಕಟ್ಟುತ್ತಿದ್ದೆವು. ಮಳೆಗಾಲದಲ್ಲಿ ಬಟ್ಟೆ ಒಣಗುವುದು ನಮ್ಮ ಕಡೆ ಎಷ್ಟು ಕಷ್ಟವೆಂದು ಘಟ್ಟದ ಕಡೆ ಒಂದು ಜೂನ್ ಕಳೆದವರಿಗೆಲ್ಲ ಗೊತ್ತು. ಅದಕ್ಕೇ ಹಿತ್ತಲಿಗೊಂದು ತಗಡಿನ ಮಾಡು, ನಾಲ್ಕು ಸಾಲು ಹಗ್ಗ, ಕಾವಿಗೊಂದು ಒಲೆ ಬೇಕೆಂದು ಹೋದ ವರ್ಷವೇ ಅರ್ಜಿ ಕೊಟ್ಟಿದ್ದೆ. ಅದಕ್ಕೆ ಉತ್ತರ ಬಂದಿಲ್ಲ. ಕೇಳದ ಸುತ್ತೋಲೆ ಎಂಟು ದಿನದಲ್ಲಿ ಬರುತ್ತದೆ, ಕೇಳಿದ ಹಗ್ಗ ವರ್ಷವಾದರೂ ಬರುವುದಿಲ್ಲ. ಇದು ಯಾವ ಲೆಕ್ಕವೋ ನನಗೆ ಅರ್ಥವಾಗಿಲ್ಲ.

ಈಗ ಚೈತ್ರಶ್ರೀಯ ವಿಷಯಕ್ಕೆ ಬರುತ್ತೇನೆ. ಅವಳು ಕೆ. ಹೊಸಕೋಟೆಯ ಹುಡುಗಿ, ನಮ್ಮೂರಿಗೆ ಮದುವೆಯಾಗಿ ಬಂದವಳು. ಗಂಡ ಯೋಗೇಶ್ ಸಾಮಾನು ಸಾಗಿಸುವ ಪಿಕಪ್ ಓಡಿಸುತ್ತಾನೆ. ಅತ್ತೆ ದೇವೀರಮ್ಮನಿಗೆ ಆಗ ತಾನೇ ಕಣ್ಣಿನ ಆಪರೇಷನ್ ಆಗಿತ್ತು, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಹಾಗಾಗಿ ಒಂಬತ್ತು ತಿಂಗಳ ಮಗಳು ಇಂಪನಾಳನ್ನು ನಮ್ಮಲ್ಲಿ ಬಿಟ್ಟು ಚೈತ್ರಶ್ರೀ ಕಾಫಿ ಗಿಡದ ಚಿಗುರು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಎಲ್ಲ ತಾಯಂದಿರಂತೆ ಅವಳೂ ಬೆಳಿಗ್ಗೆ ಒಂದು ಡೈಪರ್ ಹಾಕಿ ಕಳಿಸುತ್ತಿದ್ದಳು. ದಿನಕ್ಕೆ ನಾಲ್ಕು ಡೈಪರ್ ತಂದುಕೊಡುವಷ್ಟು ಅನುಕೂಲ ನಮ್ಮೂರಲ್ಲಿ ಯಾರಿಗೂ ಇಲ್ಲ. ಒಂದೇ ಡೈಪರ್, ಎಂಟೂವರೆಯಿಂದ ಐದರವರೆಗೆ. ಕೂಸು ಕಕ್ಕ ಮಾಡಿಕೊಂಡರೆ ತೊಳೆದು, ಡೈಪರನ್ನು ಆದಷ್ಟು ಒರೆಸಿ, ಅದನ್ನೇ ಮತ್ತೆ ಹಾಕುತ್ತಿದ್ದೆವು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೆಯೇ ಮಾಡಿದೆವು, ಮತ್ತು ಆ ಮೂರು ವಾರ ನಮ್ಮ ನೆಲ ತಮ್ಮ ಆಜ್ಞೆಯ ಪ್ರಕಾರ ಫಳಫಳ ಹೊಳೆಯುತ್ತಿತ್ತು.

ಎರಡನೆಯ ವಾರ ಇಂಪನಾಳಿಗೆ ಹಲ್ಲು ಬರುವ ಹೊತ್ತಿಗೆ ಭೇದಿಯೂ ಶುರುವಾಯಿತು. ಅಂಡು ಕೆಂಪಾಯಿತು. ಸಂಜೆ ಚೈತ್ರಶ್ರೀಗೆ ತೋರಿಸಿದೆ.

"ಮನೇಲಿದ್ದಾಗ ಬಿಚ್ಚೇ ಇಟ್ಟಿರ್ತೀನಿ ಕಣಕ್ಕ," ಎಂದಳು. "ಇಲ್ಲಿ ಏನ್ ಮಾಡದು? ನೀವು ಬಿಚ್ಚಿದ್ರೆ ನಿಮ್ ಕೆಲ್ಸಕ್ಕೆ ಕುತ್ತು ಬತ್ತದೆ."

"ಸಾಹೇಬ್ರು ಬರ್ದು ಕಳ್ಸವ್ರೆ, ನಾವೇನ್ ಮಾಡಕ್ಕಾಯ್ತದೆ," ಎಂದೆ ನಾನು. ಅಂದರೆ ಕೂಸಿನ ತಾಯಿ ನನ್ನ ಕೆಲಸದ ಚಿಂತೆ ಮಾಡಿದಳು, ನಾನೂ ನನ್ನ ಕೆಲಸದ ಚಿಂತೆಯನ್ನೇ ಮಾಡಿದೆ. ಕೂಸಿನ ಚಿಂತೆ ಮಾಡುವವರು ಆ ಸಂಜೆ ಅಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ದೇವೀರಮ್ಮ ಘಮಘಮಿಸುವ ಪೌಡರನ್ನು ತೊಡೆಸಂದಿಗೆ ಧಾರಾಳವಾಗಿ ಸುರಿದಳು. ಅದು ಒದ್ದೆಗೆ ಕಲಸಿ ಹಿಟ್ಟಿನ ಹಾಗೆ ಮಡಿಕೆಗಳಲ್ಲಿ ಕೂತಿತು. ಯೋಗೇಶ್ ಪೇಟೆಯ ಔಷಧಿ ಅಂಗಡಿಯಲ್ಲಿ ಹೇಳಿ ಒಂದು ಟ್ಯೂಬ್ ತಂದ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಮಾಯವಾಯಿತು. "ನೋಡಕ್ಕ, ಹೆಂಗ್ ವಾಸಿ ಆಗ್ಬುಡ್ತು," ಎಂದು ಸಂತೋಷದಿಂದ ಹೇಳಿಹೋದ. ನಾಲ್ಕನೆಯ ದಿನಕ್ಕೆ ಅದು ದುಪ್ಪಟ್ಟಾಗಿ ಮರಳಿತು. ಮತ್ತೆ ಹಚ್ಚಿದರು, ಮತ್ತೆ ಅಡಗಿತು, ಮತ್ತೆ ಬಂತು.

ಸುತ್ತೋಲೆ ಬಂದು ಮೂರು ವಾರ ತುಂಬಿದ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕೂಸು ಕೂತಲ್ಲೇ ಒಮ್ಮೆ ಸೆಟೆದು ಕಿರುಚಿಕೊಂಡಿತು. ಹಸಿವಿನ ಅಳು, ನಿದ್ದೆಯ ಅಳು, ಅಮ್ಮ ಬೇಕೆನ್ನುವ ಅಳು ಇವೆಲ್ಲ ನನಗೆ ಗೊತ್ತು. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಡೈಪರ್ ಬಿಚ್ಚಿ ನೋಡಿದೆ. ತೊಡೆಸಂದಿನ ಮಡಿಕೆಗಳ ಚರ್ಮ ಸುಲಿದು, ಬೆಂದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದರ ಸುತ್ತ ರಾಗಿ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಮೈ ಬೆಚ್ಚಗಿತ್ತು. ಉಚ್ಚೆ ತಾಗಿದಾಗಲೆಲ್ಲ ಆ ಕೂಸಿಗೆ ಹಸಿ ಗಾಯದ ಮೇಲೆ ಉಪ್ಪು ಸವರಿದ ಹಾಗೆ ಆಗುತ್ತಿತ್ತು. ಅದು ಎಷ್ಟು ದಿನದಿಂದ ಹೀಗೆ ಸಹಿಸಿತ್ತೋ. ಹೇಳಿಕೊಳ್ಳಲು ಅದಕ್ಕೆ ಮಾತು ಬರುವುದಿಲ್ಲ, ಅರ್ಜಿ ಬರೆಯಲೂ ಬರುವುದಿಲ್ಲ.

ಉಳಿದ ಮಕ್ಕಳನ್ನು ಮೋನಿಕಾಳಿಗೆ ಒಪ್ಪಿಸಿ, ಇಂಪನಾಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಕೊಡೆ ಹಿಡಿದು ತೋಟಕ್ಕೆ ಹೋದೆ. ಸವೆದ ಮಂಡಿಯಲ್ಲಿ ಆ ಇಳಿಜಾರನ್ನು ಹೇಗೆ ಹತ್ತಿದೆನೋ ನನಗೇ ತಿಳಿಯದು. ಅಲ್ಲಿ ಕೆಲಸಗಾರರ ಹಾಜರಿ ಬರೆಯುವ ರೈಟರ್ ಲಿಂಗಪ್ಪ ಕೂಸಿನ ಮುಖ ನೋಡಿದ್ದೇ ಚೈತ್ರಶ್ರೀಯನ್ನು ಕೂಗಿ ಕರೆದ. "ಹೋಗವ್ವ, ಹಾಜ್ರಿ ವಿಚಾರ ನಾನ್ ನೋಡ್ಕತೀನಿ," ಎಂದ. ಯಾವ ಸುತ್ತೋಲೆಯೂ ಅವನಿಗೆ ಹಾಗೆ ಹೇಳಲು ಹೇಳಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕೂಸನ್ನು ಮೇಜಿನ ಮೇಲೆ ಮಲಗಿಸಿ ನೋಡಿದರು. ಹಚ್ಚುತ್ತಿದ್ದ ಟ್ಯೂಬನ್ನು ಕೇಳಿ ತೆಗೆದುಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರು.

"ಇದರಲ್ಲಿ ಮೂರು ಔಷಧಿ ಬೆರೆಸಿದಾರೆ, ಒಂದು ಸ್ಟೀರಾಯ್ಡು," ಎಂದರು. "ಎರಡು ದಿನ ಕೆಂಪು ಅಡಗಿಸುತ್ತೆ. ಹಚ್ತಾ ಹೋದರೆ ಚರ್ಮ ತೆಳ್ಳಗಾಗುತ್ತೆ, ಒಳಗಿರೋ ಫಂಗಸ್ ಆರಾಮಾಗಿ ಹಬ್ಬುತ್ತೆ. ಈ ಚುಕ್ಕೆಗಳೆಲ್ಲ ಅದೇ. ಡಾಕ್ಟರನ್ನ ಕೇಳದೆ ಇಂಥದ್ದನ್ನ ಕೂಸಿನ ತೊಡೆಸಂದಿಗೆ ಹಚ್ಚಬಾರದು." ಆಮೇಲೆ ಕೇಳಿದರು, "ಒಂದು ಡೈಪರ್ ಎಷ್ಟು ಹೊತ್ತು ಇರುತ್ತೆ?"

ಚೈತ್ರಶ್ರೀ ನನ್ನ ಮುಖ ನೋಡಿದಳು.

"ಎಂಟೂವರೆಯಿಂದ ಐದು ಗಂಟೆ ತನಕ," ಎಂದೆ.

"ಹಾಗೆ ಇಡೋಕೆ ಯಾರು ಹೇಳಿದ್ದು?"

"ಸುತ್ತೋಲೆ ಬಂದದೆ ಮೇಡಂ."

ಡಾಕ್ಟರಮ್ಮ ಚೀಟಿಯನ್ನು ಮುಂದಕ್ಕೆ ಎಳೆದುಕೊಂಡರು. ನಂತರ ಒಂದೊಂದಾಗಿ, ನಮ್ಮ ತಲೆಗೆ ಇಳಿಯುವಂತೆ ಹೇಳಿದರು. ಉಗುರುಬೆಚ್ಚಗಿನ ಬರೀ ನೀರಿನಲ್ಲಿ ತೊಳೆಯಬೇಕು. ಉಜ್ಜಬಾರದು, ಮೆತ್ತನೆಯ ಬಟ್ಟೆ ಒತ್ತಿ ನೀರು ಹೀರಿಸಬೇಕು. ಪೌಡರ್ ಬೇಡವೇ ಬೇಡ, ಅದು ಕೂಸಿನ ಉಸಿರಿಗೆ ಹೋದರೂ ಅಪಾಯ. ವಾಸನೆಯ ವೈಪ್ಸ್ ಬೇಡ, ಅರಿಸಿನವೂ ಬೇಡ. ತೊಳೆದ ಮೇಲೆ ಗಾಳಿಗೆ ಬಿಡಬೇಕು, ದಿನಕ್ಕೆ ಎಷ್ಟು ಸಲ ಆದರೆ ಅಷ್ಟು ಸಲ. ಫಂಗಸ್ಸಿನ ಮುಲಾಮನ್ನು ತೆಳ್ಳಗೆ, ಅವರು ಹೇಳಿದಷ್ಟು ದಿನ, ಕಣ್ಣಿಗೆ ವಾಸಿಯಾದಂತೆ ಕಂಡರೂ ನಿಲ್ಲಿಸದೆ ಹಚ್ಚಬೇಕು. ಅದರ ಮೇಲೆ ಬಿಳಿಯ ಜಿಂಕ್ ಮುಲಾಮನ್ನು ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ ಹಚ್ಚಬೇಕು, ಆಗ ಉಚ್ಚೆ ಚರ್ಮಕ್ಕೆ ತಾಗುವುದಿಲ್ಲ. ಗುಳ್ಳೆಯಲ್ಲಿ ಕೀವು ಕಂಡರೆ, ಜ್ವರ ಏರಿದರೆ, ಹಾಲು ಬಿಟ್ಟರೆ ಅದೇ ದಿನ ಕರೆತರಬೇಕು.

"ಡೈಪರ್ ಕೆಟ್ಟದ್ದಲ್ಲ ಕಣಮ್ಮ," ಎಂದರು ಕೊನೆಗೆ. "ಎರಡು ಮೂರು ತಾಸಿಗೊಂದು ಬದಲಾಯಿಸಿದರೆ, ಕಕ್ಕ ಆದ ತಕ್ಷಣ ಬಿಚ್ಚಿದರೆ, ಒಳ್ಳೇದೇ. ಕೆಟ್ಟದ್ದು ಅಂದರೆ ಒದ್ದೆ." ಚೀಟಿಯ ಮೇಲೆ 'ವಾಸಿಯಾಗುವವರೆಗೆ ಡೈಪರ್ ಹಾಕಬಾರದು, ಗಾಳಿಗೆ ಬಿಡಬೇಕು' ಎಂದು ಕನ್ನಡದಲ್ಲಿ ಬರೆದು, ಸಹಿ ಮಾಡಿ, ಮೊಹರು ಹಾಕಿಕೊಟ್ಟರು. ಆ ಚೀಟಿಯನ್ನು ನಾನು ಕೇಂದ್ರದ ಗೋಡೆಯಲ್ಲಿ ತಮ್ಮ ಸುತ್ತೋಲೆಯ ಪಕ್ಕದಲ್ಲೇ ಅಂಟಿಸಿದೆ.

ಚೈತ್ರಶ್ರೀ ನಾಲ್ಕು ದಿನ ಕೆಲಸ ಬಿಟ್ಟು ಮನೆಯಲ್ಲಿದ್ದಳು. ಡಾಕ್ಟರಮ್ಮ ಹೇಳಿದಂತೆಯೇ ಮಾಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಉಚ್ಚೆ ಹೊಯ್ದು, ಅಳದೆ, ತನ್ನ ಕಾಲ್ಬೆರಳನ್ನು ಬಾಯಿಗೆ ಇಟ್ಟುಕೊಂಡಿತಂತೆ. ಅದನ್ನು ಹೇಳಲೆಂದೇ ಅವಳು ಮಳೆಯಲ್ಲಿ ನಮ್ಮ ಮನೆಯವರೆಗೆ ಬಂದಿದ್ದಳು. ಹನ್ನೆರಡನೆಯ ದಿನಕ್ಕೆ ಚರ್ಮ ಮೊದಲಿನಂತಾಯಿತು. ಪೌಡರಿನ ಡಬ್ಬಿಯನ್ನು ದೇವೀರಮ್ಮ ತಾನೇ ತೆಗೆದು ಆಚೆ ಹಾಕಿದಳು. ಮರುದಿನ ಹತ್ತಿ ಸೀರೆಯೊಂದನ್ನು ಹರಿದು ಚೌಕ ಮಾಡಿ, ಮಡಿಸಿ, ಕೇಂದ್ರಕ್ಕೆ ತಂದುಕೊಟ್ಟಳು. ಚೆನ್ನಾಗಿರುವ ಸೀರೆ ಯಾಕೆ ಹರಿದೆ ಎಂದರೆ, "ಇಪ್ಪತ್ತು ಮಳೆಗಾಲ ಉಟ್ಟಿದ್ದು ಕಣೇ, ನಮ್ಮ ಕೂಸ್ಗೆ ತಕ್ಕಂಗೆ ಮೆತ್ತಗಾಗೈತೆ," ಎಂದಳು.

ಆಸ್ಪತ್ರೆಗೆ ಹೋಗಿಬಂದ ಮರುದಿನದಿಂದಲೇ ನಾನೂ ಮೋನಿಕಾಳೂ ಸುತ್ತೋಲೆಯನ್ನು ಮುರಿದೆವು. ಇಂಪನಾಳ ವಿಷಯದಲ್ಲಿ ಮಾತ್ರವಲ್ಲ, ನಾಲ್ಕೂ ಕೂಸುಗಳ ವಿಷಯದಲ್ಲಿ. ಬಂದ ಡೈಪರನ್ನು ಬಿಚ್ಚಿ ಎತ್ತಿಡುತ್ತೇವೆ, ಬಸ್ಸಿಗೋ ಮಳೆಯಲ್ಲಿ ಮನೆಗೋ ಹೋಗುವಾಗ ಹಾಕಲು ಬೇಕಾಗುತ್ತದೆ. ಊಟಕ್ಕೆ ಮುಂಚೆ ಅರ್ಧ ಗಂಟೆ, ನಿದ್ದೆಯಿಂದ ಎದ್ದ ಮೇಲೆ ಅರ್ಧ ಗಂಟೆ ದಪ್ಪ ಬಟ್ಟೆ ಹಾಸಿ ಗಾಳಿಗೆ ಬಿಡುತ್ತೇವೆ. ಉಳಿದ ಹೊತ್ತು ಬಟ್ಟೆ ಕಟ್ಟುತ್ತೇವೆ, ಒದ್ದೆಯಾದ ಕೂಡಲೇ ಬಿಚ್ಚುತ್ತೇವೆ. ಒಗೆದ ಬಟ್ಟೆಗಳನ್ನು ಮೋನಿಕಾಳ ಮನೆಯ ಹಂಡೆ ಒಲೆಯ ಮೇಲೆ ಒಣಗಿಸುತ್ತೇವೆ, ಕಟ್ಟುವ ಮುನ್ನ ಒಂದೊಂದನ್ನೂ ಕೆನ್ನೆಗೆ ಒತ್ತಿ ತೇವ ನೋಡುತ್ತೇವೆ. ಇನ್ನೆರಡು ಕೂಸುಗಳಿಗೆ ಶುರುವಾಗಿದ್ದ ಕೆಂಪು ಯಾವ ಔಷಧಿಯೂ ಇಲ್ಲದೆ ವಾರದಲ್ಲಿ ಇಳಿಯಿತು. ನೆಲ ದಿನಕ್ಕೆ ಎಂಟು ಹತ್ತು ಸಲ ಒದ್ದೆಯಾಗುತ್ತದೆ. ಎಂಟು ಹತ್ತು ಸಲ ಒರೆಸುತ್ತೇವೆ.

ಆಗಸ್ಟಿನಲ್ಲಿ ತಮ್ಮ ಕಚೇರಿಯವರೊಬ್ಬರು ಹೇಳದೆ ಕೇಳದೆ ತಪಾಸಣೆಗೆ ಬಂದರು. ಬಂದವರು ಮಕ್ಕಳನ್ನು ನೋಡಲಿಲ್ಲ, ನೆಲವನ್ನು ನೋಡಿದರು. ಜಗಲಿಯ ಮೇಲೆ ಒಂದು ಅಂಗೈಯಷ್ಟಗಲದ ಒದ್ದೆ ಇತ್ತು, ಅದರ ಫೋಟೋವನ್ನು ಮೂರು ಕಡೆಯಿಂದ ತೆಗೆದುಕೊಂಡರು. ನಾನು ಗೋಡೆಯ ಮೇಲಿನ ಡಾಕ್ಟರ ಚೀಟಿಯನ್ನು ತೋರಿಸಿದೆ. ಅವರು ಅದನ್ನು ಪೂರ್ತಿ ಓದಿದರು. ಓದಿ, "ಡಾಕ್ಟ್ರು ನಮ್ಮ ಇಲಾಖೆಯವರಲ್ಲ," ಎಂದರು. ಕೂಸಿನ ಚರ್ಮ ಯಾವ ಇಲಾಖೆಗೆ ಸೇರುತ್ತದೆ ಎಂದು ಕೇಳಬೇಕೆನ್ನಿಸಿತು. ಆಗ ಕೇಳಲಿಲ್ಲ, ಈಗ ತಮ್ಮನ್ನು ಕೇಳುತ್ತಿದ್ದೇನೆ.

ಇನ್ನೊಂದು ಪ್ರಶ್ನೆಯೂ ಇದೆ. ನೆಲ ಒಣಗಿರಬೇಕೋ, ಕೂಸಿನ ಮೈ ಒಣಗಿರಬೇಕೋ? ಎರಡೂ ಒಟ್ಟಿಗೆ ಬೇಕೆಂದರೆ ಡೈಪರ್ ಕಳಿಸಿ, ಬದಲಾಯಿಸಲು ಇನ್ನೊಬ್ಬಳನ್ನು ಕಳಿಸಿ. ಅದಾಗದಿದ್ದರೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ತಾವು ನೆಲವನ್ನು ಆರಿಸಿದಿರಿ. ನೆಲಕ್ಕೆ ಗುಳ್ಳೆ ಏಳುವುದಿಲ್ಲ ಸ್ವಾಮಿ. ನೆಲಕ್ಕೆ ಜ್ವರ ಬರುವುದಿಲ್ಲ, ಅದರ ತಾಯಿ ನಾಲ್ಕು ದಿನದ ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕಾಗುವುದಿಲ್ಲ. ತಮಗೆ ಅನುಮಾನವಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಳೆಯಲ್ಲಿ ನೆನೆದ ಪ್ಯಾಂಟನ್ನು ಬದಲಾಯಿಸದೆ, ಅದರ ಮೇಲೊಂದು ಪ್ಲಾಸ್ಟಿಕ್ ಸುತ್ತಿಕೊಂಡು, ಎಂಟೂವರೆಯಿಂದ ಐದರವರೆಗೆ ಕುರ್ಚಿಯಲ್ಲಿ ಕೂತು ಕಡತ ನೋಡಿ. ಸಂಜೆ ಆರಕ್ಕೆ ಹೊಸ ಸುತ್ತೋಲೆ ತಾನಾಗಿಯೇ ಬರುತ್ತದೆಂದು ನನಗೆ ನಂಬಿಕೆಯಿದೆ.

ಇನ್ನು ಕ್ಷಮಾಪಣೆ. ತಾವು ಕೇಳುವುದಕ್ಕೆ ಮೊದಲೇ ಅದನ್ನು ಸಲ್ಲಿಸಿ ಆಗಿದೆ, ತಮಗಲ್ಲ. ಕೂಸು ಮತ್ತೆ ಕೇಂದ್ರಕ್ಕೆ ಬರುವ ಹಿಂದಿನ ದಿನ ನಾನು ಚೈತ್ರಶ್ರೀಯ ಮನೆಗೆ ಹೋಗಿದ್ದೆ. ಅವಳು ಕೂಸಿಗೆ ಮುಲಾಮು ಹಚ್ಚುತ್ತಿದ್ದಳು. ನನ್ನ ಇಬ್ಬರು ಮಕ್ಕಳನ್ನು ಸಾಕಿದವಳು ನಾನು, ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇನ್ನೊಬ್ಬರ ಹತ್ತು ಮಕ್ಕಳನ್ನು ಎತ್ತಿ ಆಡಿಸಿದವಳು. ಒದ್ದೆಯಲ್ಲಿ ಕೂತ ಕೂಸಿಗೆ ಏನಾಗುತ್ತದೆಂದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಮೂರು ವಾರ ಪ್ರತಿದಿನ ನನ್ನ ಕೈಯಾರೆ ಆ ಒದ್ದೆ ಡೈಪರಿನ ಪಟ್ಟಿಯನ್ನು ಮತ್ತೆ ಅಂಟಿಸಿದೆ.

"ತಪ್ಪಾಯ್ತು ಕಣೇ," ಎಂದೆ. "ಕಾಗ್ದಕ್ಕೆ ಹೆದ್ರುಕೊಂಡು ನಿನ್ ಕೂಸ್ನ ಬೇಯಿಸ್ಬುಟ್ಟೆ."

ಅವಳು ಮುಲಾಮು ಹಚ್ಚುವುದನ್ನು ಮುಗಿಸಿ, ಕೈ ಒರೆಸಿಕೊಂಡು, "ನಂಗೂ ಗೊತ್ತಿತ್ತಲ್ಲಕ್ಕ," ಎಂದಳು. "ಇಬ್ರೂ ಹೆದ್ರುಬುಟ್ವಿ."

ಆಮೇಲೆ ಕಾಫಿ ಕೊಟ್ಟಳು.

ಆದ್ದರಿಂದ ನನ್ನ ತಪ್ಪೊಪ್ಪಿಗೆಯನ್ನು ಸರಿಯಾಗಿ ದಾಖಲಿಸಿಕೊಳ್ಳಿ. ಸುತ್ತೋಲೆ ಮುರಿದದ್ದು ನನ್ನ ತಪ್ಪಲ್ಲ. ಮೂರು ವಾರ ತಡವಾಗಿ ಮುರಿದದ್ದು ತಪ್ಪು.

ನಾನು ಕೇಳುವುದು ದೊಡ್ಡದೇನಲ್ಲ. ಆ ಸುತ್ತೋಲೆಯನ್ನು ಈ ತಾಲ್ಲೂಕಿನ ಎಲ್ಲ ಕೇಂದ್ರಗಳಿಂದ ವಾಪಸು ಪಡೆಯಿರಿ, ಏಕೆಂದರೆ ಬಿಸಿಲೆ ಕಡೆಯ ಕೇಂದ್ರದ ಆರೈಕೆದಾರಳೂ ಮೊನ್ನೆ ಫೋನಿನಲ್ಲಿ ಇದೇ ಕತೆ ಹೇಳಿ ಅತ್ತಳು. ಹಿತ್ತಲಿಗೆ ಮಾಡು, ಹಗ್ಗ, ಒಲೆ ಕೊಡಿ. ಪ್ರತಿ ಕೇಂದ್ರದಲ್ಲೂ ಜಿಂಕ್ ಮುಲಾಮು ಇರಲಿ, ತಿಂಗಳಿಗೊಮ್ಮೆ ಡಾಕ್ಟರೋ ನರ್ಸೋ ಬಂದು ಕೂಸುಗಳನ್ನು ನೋಡಿ ಹೋಗಲಿ, ಅವರು ತಮ್ಮ ಇಲಾಖೆಯವರಲ್ಲದಿದ್ದರೂ ಸರಿ. ಕೂಸಿನ ಮೈ ಕೆಂಪಾದರೆ ಏನು ಮಾಡಬೇಕು, ಅಂಗಡಿಯಲ್ಲಿ ಕೇಳಿ ಯಾವ ಟ್ಯೂಬು ತರಬಾರದು ಎಂದು ತಾಯಂದಿರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ. ಸುತ್ತೋಲೆಗೆ ಸಿಕ್ಕಿದ ಕಾಗದ ಇದಕ್ಕೂ ಸಿಗುತ್ತದೆ.

ಇದ್ಯಾವುದೂ ಆಗದು, ನನ್ನನ್ನು ತೆಗೆಯುವುದೇ ಸುಲಭ ಎನ್ನುವುದಾದರೆ ತೆಗೆಯಿರಿ. ಆದರೆ ಆದೇಶದಲ್ಲಿ 'ಕರ್ತವ್ಯಲೋಪ' ಎಂಬ ಮಾತು ಬರೆಯಬೇಡಿ, ಅದು ಯಾರಿಗೂ ಅರ್ಥವಾಗುವುದಿಲ್ಲ. 'ಈಕೆ ಮಕ್ಕಳನ್ನು ಒದ್ದೆಯಲ್ಲಿ ಕೂರಿಸಲು ಒಪ್ಪಲಿಲ್ಲ' ಎಂದು ಬಿಡಿಸಿ ಬರೆದು, ಅದರ ಕೆಳಗೆ ತಮ್ಮ ಸಹಿ ಹಾಕಿ ಕಳಿಸಿ. ಆ ಸಹಿ ಹಾಕಲು ತಮ್ಮ ಕೈ ಬರುತ್ತದೆಯೋ ಇಲ್ಲವೋ, ಅದನ್ನು ತಿಳಿಯುವುದಕ್ಕಾಗಿ ನಾನು ಕಾಯುತ್ತೇನೆ.

ಇಂತಿ,
ಮೂರೇ ವಾರ ತಮ್ಮ ವಿಧೇಯಳಾಗಿದ್ದು, ಅದಕ್ಕಾಗಿ ಇಂದಿಗೂ ನಾಚುತ್ತಿರುವ
ನೇತ್ರಾವತಿ
ಆರೈಕೆದಾರಳು (ಈ ಪತ್ರ ತಮ್ಮ ಕೈ ಸೇರುವವರೆಗಾದರೂ)